ಚಳಿಯ ಮುಂಜಾನೆ ಡೀಸೆಲ್ ಎಂಜಿನ್ ಏಕೆ ಸತಾಯಿಸುತ್ತದೆ?

ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಂಚಿಕೆಗೆ ಬಂದ ಪತ್ರಗಳಲ್ಲಿ ಬಹುಪಾಲು ಒಂದೇ ತೊಂದರೆಯನ್ನು ಕುರಿತವು: ಹಗಲಿನಲ್ಲಿ ಕೀ ತಿರುಗಿಸಿದ ಕೂಡಲೇ ಚಾಲೂ ಆಗುವ ಡೀಸೆಲ್ ಎಂಜಿನ್, ಚಳಿ ಬಿದ್ದ ಬೆಳಗಿನಲ್ಲಿ ಮಾತ್ರ ಮೊಂಡುತನ ಮಾಡುತ್ತದೆ. ಆದ್ದರಿಂದ ಉಳಿದ ವಿಷಯಗಳ ಪತ್ರಗಳನ್ನು ಮುಂದಕ್ಕೆ ಇಟ್ಟು, ಈ ಸಲದ ಪುಟಗಳನ್ನು ಪೂರ್ತಿಯಾಗಿ ಇದಕ್ಕೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ನನ್ನ ಡೀಸೆಲ್ ಪಿಕಪ್ ವಾಹನವನ್ನು ಚಳಿಗಾಲದ ಬೆಳಗಿನಲ್ಲಿ ಚಾಲೂ ಮಾಡಲು ಬಹಳ ಹೊತ್ತು ಸೆಲ್ಫ್ ಹೊಡೆಯಬೇಕಾಗುತ್ತದೆ. ಒಮ್ಮೆ ಹಿಡಿದರೆ ದಿನವಿಡೀ ತೊಂದರೆಯಿಲ್ಲ. ಗ್ಯಾರೇಜಿನವರು ಮೊದಲು ಬ್ಯಾಟರಿ ಬದಲಾಯಿಸಿದರು, ಆಮೇಲೆ ಡೀಸೆಲ್ ಫಿಲ್ಟರ್ ಬದಲಾಯಿಸಿದರು, ಈಗ ಪಂಪ್ ಬಿಚ್ಚಬೇಕು ಎನ್ನುತ್ತಿದ್ದಾರೆ. ಒಪ್ಪಬಹುದೇ?

ಉತ್ತರ: ಈಗಲೇ ಒಪ್ಪಬೇಡಿ. ಪಂಪ್ ಕೆಟ್ಟಿರಲಾರದು ಎಂದು ನಾನು ಹೇಳುತ್ತಿಲ್ಲ. ಆದರೆ ನಿಮ್ಮ ಪತ್ರದಲ್ಲಿ ಪಂಪ್ ಕೆಟ್ಟಿದೆ ಎನ್ನುವುದಕ್ಕೆ ಒಂದು ಸುಳಿವೂ ಇಲ್ಲ, ಮತ್ತು ಈವರೆಗೆ ಬದಲಾಯಿಸಿದ ಎರಡು ಭಾಗಗಳನ್ನೂ ಯಾವುದೇ ಪರೀಕ್ಷೆಯಿಲ್ಲದೆ ಬದಲಾಯಿಸಿದಂತೆ ಕಾಣುತ್ತದೆ.

ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹಚ್ಚುವ ಸ್ಪಾರ್ಕ್ ಪ್ಲಗ್ ಇಲ್ಲ. ರುಡಾಲ್ಫ್ ಡೀಸೆಲ್ 1890ರ ದಶಕದಲ್ಲಿ ರೂಪಿಸಿದ ತತ್ತ್ವವೇ ಇಂದಿಗೂ ನಡೆಯುತ್ತಿದೆ: ಪಿಸ್ಟನ್ ಗಾಳಿಯನ್ನು ಅದರ ಮೂಲ ಗಾತ್ರದ ಹದಿನೈದನೆಯ ಅಥವಾ ಇಪ್ಪತ್ತನೆಯ ಒಂದು ಭಾಗಕ್ಕೆ ಅದುಮುತ್ತದೆ, ಅದುಮಿದ ಗಾಳಿ ಕಾಯುತ್ತದೆ, ಕಾದ ಗಾಳಿಯೊಳಕ್ಕೆ ಮಂಜಿನಂತೆ ಚಿಮ್ಮಿದ ಡೀಸೆಲ್ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಬಿಸಿಯಾದ ಎಂಜಿನ್ನಿನಲ್ಲಿ ಈ ಗಾಳಿಯ ಉಷ್ಣತೆ 500 ಡಿಗ್ರಿ ಸೆಲ್ಸಿಯಸ್ ದಾಟುವುದರಿಂದ ಎಲ್ಲವೂ ಸಲೀಸು. ರಾತ್ರಿಯಿಡೀ ತಣ್ಣಗೆ ನಿಂತ ಎಂಜಿನ್ನಿನಲ್ಲಾದರೋ ಒಳಗೆ ಬರುವ ಗಾಳಿಯೇ ತಣ್ಣಗಿರುತ್ತದೆ, ಅದುಮಿದಾಗ ಹುಟ್ಟಿದ ಶಾಖವನ್ನು ತಣ್ಣನೆಯ ಸಿಲಿಂಡರ್ ಗೋಡೆಗಳು ಹೀರಿಕೊಳ್ಳುತ್ತವೆ, ಜೊತೆಗೆ ಎಂಜಿನ್ ನಿಧಾನವಾಗಿ ತಿರುಗಿದಷ್ಟೂ ಗಾಳಿ ಪಿಸ್ಟನ್ ಸುತ್ತಲಿನ ರಿಂಗುಗಳ ಸಂದಿನಿಂದ ಸೋರಿಹೋಗಲು ಹೆಚ್ಚು ಸಮಯ ಸಿಗುತ್ತದೆ. ಹೀಗಾಗಿ ತಣ್ಣನೆಯ ಎಂಜಿನ್ ಹಿಡಿಯಬೇಕಾದರೆ ಸಾಕಷ್ಟು ವೇಗದ ತಿರುಗುವಿಕೆ, ಸರಿಯಾದ ಹೊತ್ತಿಗೆ ಬರುವ ಡೀಸೆಲ್ ಮತ್ತು ಸಾಕಷ್ಟು ಶಾಖ, ಈ ಮೂರೂ ಒಟ್ಟಿಗೆ ಕೂಡಿಬರಬೇಕು. ಇವುಗಳಲ್ಲಿ ಯಾವುದು ಕೊರತೆಯಾಗಿದೆ ಎಂಬುದನ್ನು ಮೊದಲು ಕಂಡುಕೊಳ್ಳಬೇಕು. ಭಾಗಗಳ ಮಾತು ಆಮೇಲಿನದು.

ಅದನ್ನು ಕಂಡುಕೊಳ್ಳುವ ಅವಕಾಶ ಇರುವುದು ದಿನದ ಮೊದಲ ಅರ್ಧ ನಿಮಿಷದಲ್ಲಿ ಮಾತ್ರ. ನೀವು ಬೆಳಿಗ್ಗೆ ಹೇಗೋ ಚಾಲೂ ಮಾಡಿ, ಓಡಿಸಿಕೊಂಡು ಹೋಗಿ ಗ್ಯಾರೇಜಿನಲ್ಲಿ ನಿಲ್ಲಿಸುವ ಹೊತ್ತಿಗೆ ಎಂಜಿನ್ ಕಾದು, ಎಲ್ಲ ಸುಳಿವುಗಳೂ ಅಳಿಸಿಹೋಗಿರುತ್ತವೆ. ಮೆಕ್ಯಾನಿಕ್ ಊಹೆಯ ಮೇಲೆ ಕೆಲಸ ಮಾಡಬೇಕಾಗುತ್ತದೆ. ಆದ್ದರಿಂದ ವಾಹನವನ್ನು ಸಂಜೆಯೇ ಗ್ಯಾರೇಜಿನಲ್ಲಿ ಬಿಟ್ಟು, ಬೆಳಗಿನ ಮೊದಲ ಸೆಲ್ಫನ್ನು ಅವರೇ ಹೊಡೆಯುವಂತೆ ಕೇಳಿಕೊಳ್ಳಿ. ಅದು ಸಾಧ್ಯವಿಲ್ಲದಿದ್ದರೆ ಮನೆಯವರೊಬ್ಬರನ್ನು ಕೀ ತಿರುಗಿಸಲು ಕೂರಿಸಿ, ನೀವು ಸೈಲೆನ್ಸರ್ ಕೊಳವೆಯ ಬಳಿ ಪಕ್ಕಕ್ಕೆ ನಿಂತು ನೋಡಿ.

ಎಂಜಿನ್ ಚುರುಕಾಗಿ ತಿರುಗುತ್ತಿದ್ದು ಕೊಳವೆಯಿಂದ ಹೊಗೆಯೇ ಬರದಿದ್ದರೆ ಸಿಲಿಂಡರಿಗೆ ಡೀಸೆಲ್ ತಲುಪುತ್ತಿಲ್ಲ ಎಂದರ್ಥ. ಆಗ ಗ್ಲೋ ಪ್ಲಗ್ಗುಗಳ (ತಣ್ಣನೆಯ ಸಿಲಿಂಡರನ್ನು ವಿದ್ಯುತ್ತಿನಿಂದ ಕಾಯಿಸುವ ಕಡ್ಡಿಗಳ) ಚಿಂತೆ ಬಿಟ್ಟು ಫಿಲ್ಟರ್, ಕೊಳವೆಗಳು, ಏರ್ ಲಾಕ್ (ಕೊಳವೆಯಲ್ಲಿ ಸಿಕ್ಕಿಕೊಂಡ ಗಾಳಿ), ಹಳೆಯ ಮಾದರಿಯ ಪಂಪಾದರೆ ಡೀಸೆಲ್ ಕಡಿದುಹಾಕುವ ಸೊಲೆನಾಯ್ಡ್ ಎಂಬ ವಿದ್ಯುತ್ ಕವಾಟ, ಇವುಗಳ ಕಡೆ ಗಮನ ಹರಿಸಬೇಕು. ಕೀಯನ್ನು ಆನ್ ಸ್ಥಾನಕ್ಕೆ ತಂದಾಗ ಆ ಸೊಲೆನಾಯ್ಡಿನಿಂದ ಟಕ್ ಎಂಬ ಸಣ್ಣ ಸದ್ದು ಕೇಳಬೇಕು. ಕೊಳವೆಯಿಂದ ಬಿಳಿ ಅಥವಾ ಬೂದು ಹೊಗೆ ದಟ್ಟವಾಗಿ ಬರುತ್ತಿದ್ದು, ಕಣ್ಣಿಗೆ ಉರಿ ತರುವ ಹಸಿ ಡೀಸೆಲ್ಲಿನ ಘಾಟು ಹೊಡೆಯುತ್ತಿದ್ದರೆ ವಿಷಯವೇ ಬೇರೆ: ಡೀಸೆಲ್ ಬರುತ್ತಿದೆ, ಹೊತ್ತಿಕೊಳ್ಳುತ್ತಿಲ್ಲ. ಆಗ ಸಂಶಯ ಗ್ಲೋ ಪ್ಲಗ್, ಕಂಪ್ರೆಷನ್ (ಗಾಳಿಯನ್ನು ಅದುಮುವ ಒತ್ತಡ), ಡೀಸೆಲ್ ಚಿಮ್ಮುವ ಟೈಮಿಂಗ್, ಡೀಸೆಲ್ಲನ್ನು ಮಂಜಾಗಿ ಚಿಮ್ಮಿಸುವ ನಾಜಲ್‌ಗಳ ಕಡೆಗೆ ತಿರುಗುತ್ತದೆ. ಬಿಳಿ ಹೊಗೆಗೆ ಡೀಸೆಲ್ ಘಾಟಿನ ಬದಲು ಸಿಹಿವಾಸನೆಯಿದ್ದು, ರೇಡಿಯೇಟರಿನ ಕೂಲೆಂಟ್ ದಿನದಿಂದ ದಿನಕ್ಕೆ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕಿಗೂ ಅದರ ಮೇಲಿನ ಹೆಡ್ಡಿಗೂ ನಡುವಿನ ಸೀಲು) ನೋಡಿಸಬೇಕು. ಎಂಜಿನ್ನೇ ಎಳೆದೆಳೆದು ತಿರುಗುತ್ತಿದ್ದರೆ ಹೊಗೆಯ ಬಣ್ಣದ ವಿಚಾರಕ್ಕೆ ಹೋಗುವ ಮುನ್ನ ತಿರುಗುವಿಕೆಯನ್ನು ಸರಿಪಡಿಸಿಕೊಳ್ಳಬೇಕು.

ಈ ಒಂದು ವೀಕ್ಷಣೆಯನ್ನು ಬರೆದುಕೊಂಡು ಗ್ಯಾರೇಜಿಗೆ ಹೋಗಿ. ಪಂಪ್ ಬಿಚ್ಚಬೇಕೆನ್ನುವವರು ಈ ಸುಳಿವಿಗೆ ಹೊಂದುವ ಕಾರಣವನ್ನು ಹೇಳಬಲ್ಲರಾದರೆ ಆಗ ಮುಂದುವರಿಯಬಹುದು.

ಪ್ರಶ್ನೆ: ಡ್ಯಾಷ್‌ಬೋರ್ಡಿನಲ್ಲಿ ಗ್ಲೋ ಪ್ಲಗ್ಗಿನ ಸುರುಳಿ ದೀಪ ಹತ್ತಿ ಆರುತ್ತದೆ. ಹಾಗಿದ್ದರೂ ಎಂಜಿನ್ ಚಾಲೂ ಆದ ಮೇಲೆ ಒಂದೆರಡು ನಿಮಿಷ ನಡುಗುತ್ತಾ ಮಿಸ್ಸಿಂಗ್ ಹೊಡೆಯುತ್ತದೆ, ಬಿಳಿ ಹೊಗೆ ಬಿಡುತ್ತದೆ, ಆಮೇಲೆ ಸರಿಹೋಗುತ್ತದೆ. ದೀಪ ಸರಿಯಾಗಿರುವುದರಿಂದ ಗ್ಲೋ ಪ್ಲಗ್ಗುಗಳೂ ಸರಿಯಿವೆ ಎಂದು ಭಾವಿಸಬಹುದೇ?

ಉತ್ತರ: ಭಾವಿಸಬಾರದು. ಹೆಚ್ಚಿನ ವಾಹನಗಳಲ್ಲಿ ಆ ದೀಪ ತಿಳಿಸುವುದು, ನಿಗದಿಯಾದ ಕಾಯಿಸುವ ಅವಧಿ ಮುಗಿಯಿತು ಎಂಬುದನ್ನಷ್ಟೇ. ಪ್ಲಗ್ಗುಗಳು ನಿಜವಾಗಿಯೂ ಕಾದವೇ ಎಂಬುದು ಅದಕ್ಕೆ ತಿಳಿಯದು. ನಾಲ್ಕು ಪ್ಲಗ್ಗುಗಳೂ ಸುಟ್ಟುಹೋಗಿದ್ದರೂ ದೀಪ ಎಂದಿನಂತೆ ಹತ್ತಿ ಆರುವ ವಾಹನಗಳಿವೆ. ಹೊಸ ವಾಹನಗಳಲ್ಲಿ ಪ್ರತಿ ಪ್ಲಗ್ಗಿನ ವಿದ್ಯುತ್ತನ್ನೂ ಗಮನಿಸುವ ವ್ಯವಸ್ಥೆ ಇರುತ್ತದೆ, ಅವು ದೋಷವನ್ನು ದಾಖಲಿಸುತ್ತವೆ.

ನೀವು ವಿವರಿಸಿದ ಲಕ್ಷಣಗಳು ಒಂದೋ ಎರಡೋ ಪ್ಲಗ್ ಸತ್ತಿರುವುದಕ್ಕೆ ಬಹಳ ಚೆನ್ನಾಗಿ ಹೊಂದುತ್ತವೆ. ಕಾದ ಸಿಲಿಂಡರುಗಳು ಮೊದಲು ಹಿಡಿದು ಎಂಜಿನ್ನನ್ನು ತಿರುಗಿಸುತ್ತವೆ. ಪ್ಲಗ್ ಕೆಟ್ಟ ಸಿಲಿಂಡರಿನಲ್ಲಿ ಡೀಸೆಲ್ ಉರಿಯದೆ ಬಿಳಿ ಹೊಗೆಯಾಗಿ ಹೊರಬೀಳುತ್ತದೆ. ಎಂಜಿನ್ ತಿರುಗುತ್ತಾ ಅದೂ ಕಾದ ಮೇಲೆ ನಡುಕ ನಿಲ್ಲುತ್ತದೆ.

ಪರೀಕ್ಷೆ ಕಷ್ಟದ್ದಲ್ಲ. ಎಂಜಿನ್ ತಣ್ಣಗಿರುವಾಗ ಪ್ಲಗ್ಗುಗಳ ತಲೆಯ ಮೇಲಿನ ವೈರನ್ನು, ಅಥವಾ ಎಲ್ಲ ಪ್ಲಗ್ಗುಗಳನ್ನು ಜೋಡಿಸುವ ಪಟ್ಟಿಯನ್ನು ಬಿಚ್ಚಿಡಿ. ಮಲ್ಟಿಮೀಟರನ್ನು ಓಮ್ ಅಳತೆಗೆ ತಿರುಗಿಸಿ, ಒಂದು ಕಡ್ಡಿಯನ್ನು ಪ್ಲಗ್ಗಿನ ತುದಿಗೂ ಇನ್ನೊಂದನ್ನು ಎಂಜಿನ್ನಿನ ಬರಿಯ ಲೋಹಕ್ಕೂ ಹಿಡಿಯಿರಿ. ಸುಸ್ಥಿತಿಯ ಪ್ಲಗ್ ಸಾಮಾನ್ಯವಾಗಿ ಅರ್ಧದಿಂದ ಎರಡು ಓಮಿನೊಳಗಿನ ಅಳತೆ ತೋರಿಸುತ್ತದೆ. ಮೀಟರ್ ಏನನ್ನೂ ತೋರಿಸದಿದ್ದರೆ ಒಳಗಿನ ತಂತಿ ಕಡಿದಿದೆ. ಅಗ್ಗದ ಮೀಟರುಗಳು ಇಷ್ಟು ಕಡಿಮೆ ಓಮನ್ನು ನಿಖರವಾಗಿ ಅಳೆಯಲಾರವು; ಆದ್ದರಿಂದ ಮೊದಲು ಎರಡು ಕಡ್ಡಿಗಳನ್ನು ಒಂದಕ್ಕೊಂದು ತಾಗಿಸಿ, ಆಗ ಬರುವ ಅಂಕಿಯನ್ನು ಅಳತೆಯಿಂದ ಕಳೆಯಬೇಕು. ಇದಕ್ಕಿಂತ ನಂಬಲರ್ಹವಾದದ್ದು ಕ್ಲ್ಯಾಂಪ್ ಮೀಟರಿನಿಂದ ಪ್ಲಗ್ ಎಳೆಯುವ ವಿದ್ಯುತ್ತನ್ನು ನೋಡುವುದು. 12 ವೋಲ್ಟಿನ ಸಾಮಾನ್ಯ ಪ್ಲಗ್ ಆರಂಭದಲ್ಲಿ ಹತ್ತರಿಂದ ಇಪ್ಪತ್ತು ಆಂಪಿಯರ್ ಎಳೆದು, ಕೆಂಪಾಗುತ್ತಿದ್ದಂತೆ ಎಳೆತವನ್ನು ಕಡಿಮೆ ಮಾಡಿಕೊಳ್ಳುತ್ತದೆ. ಒಂದು ಎಚ್ಚರಿಕೆಯನ್ನು ಮರೆಯಬೇಡಿ: ಈಚಿನ ಎಷ್ಟೋ ಎಂಜಿನ್‌ಗಳಲ್ಲಿ 12 ವೋಲ್ಟಿಗಿಂತ ಬಹಳ ಕಡಿಮೆ ವೋಲ್ಟೇಜಿನ ಪ್ಲಗ್ಗುಗಳಿರುತ್ತವೆ. ಅವುಗಳಿಗೆ ಬ್ಯಾಟರಿಯಿಂದ ನೇರವಾಗಿ ವಿದ್ಯುತ್ ಕೊಟ್ಟು ಪರೀಕ್ಷಿಸಿದರೆ ಒಳ್ಳೆಯ ಪ್ಲಗ್ಗೂ ಕೆಲವೇ ಕ್ಷಣಗಳಲ್ಲಿ ಸುಟ್ಟುಹೋಗುತ್ತದೆ. ಪ್ಲಗ್ಗಿನ ಮೈಮೇಲೆ ಅಚ್ಚಾಗಿರುವ ವೋಲ್ಟೇಜನ್ನು ಓದಿಕೊಂಡೇ ಕೈ ಹಚ್ಚಬೇಕು.

ಎಲ್ಲ ಪ್ಲಗ್ಗುಗಳೂ ಸರಿಯಿದ್ದರೆ, ಕೀ ಆನ್ ಮಾಡಿದಾಗ ಅವುಗಳವರೆಗೆ ವಿದ್ಯುತ್ ಬರುತ್ತಿದೆಯೇ ನೋಡಿ. ಬರದಿದ್ದರೆ ರಿಲೇ ಅಥವಾ ಅದರ ದೊಡ್ಡ ಫ್ಯೂಸ್ ತಪ್ಪಿತಸ್ಥ. ಬಹಳ ಹಳೆಯ ಎಂಜಿನ್‌ಗಳಲ್ಲಿ ಪ್ಲಗ್ಗುಗಳನ್ನು ಸರಣಿಯಾಗಿ ಜೋಡಿಸಿರುತ್ತಾರೆ. ಅಲ್ಲಿ ಒಂದು ಕಡಿದರೆ ಎಲ್ಲವೂ ತಣ್ಣಗಾಗುತ್ತವೆ.

ಪ್ಲಗ್ ಬದಲಾಯಿಸುವಾಗ ಅವಸರ ಕೂಡದು. ವರ್ಷಗಟ್ಟಲೆ ಮಸಿ ಹಿಡಿದ ಪ್ಲಗ್ ಬಲವಂತಕ್ಕೆ ಹೆಡ್ಡಿನೊಳಗೇ ಮುರಿದರೆ ಒಂದು ಸಣ್ಣ ಕೆಲಸ ಹೆಡ್ ಇಳಿಸುವ ದೊಡ್ಡ ಕೆಲಸವಾಗುತ್ತದೆ. ಎಂಜಿನ್ ಬಿಸಿಯಿರುವಾಗ, ತುಕ್ಕು ಸಡಿಲಿಸುವ ಎಣ್ಣೆಯನ್ನು ಮೊದಲೇ ಬಿಟ್ಟು, ತುಸು ಹಿಂದಕ್ಕೆ ತುಸು ಮುಂದಕ್ಕೆ ತಿರುಗಿಸುತ್ತಾ ಬಿಚ್ಚುವುದು ಸರಿಯಾದ ಕ್ರಮ.

ಪ್ರಶ್ನೆ: ಬ್ಯಾಟರಿ ಹೊಸದು. ಆದರೂ ಚಳಿಯಲ್ಲಿ ಸೆಲ್ಫ್ ಎಳೆದೆಳೆದು ತಿರುಗುತ್ತದೆ. ಸೆಲ್ಫ್ ಮೋಟಾರ್ ಬದಲಾಯಿಸಬೇಕೇ?

ಉತ್ತರ: ಮೋಟಾರಿಗೆ ಮುನ್ನ ವೈರುಗಳನ್ನು ನೋಡಬೇಕು. ಸೀಸ-ಆಮ್ಲದ ಬ್ಯಾಟರಿ ಚಳಿಯಲ್ಲಿ ತನ್ನ ಶಕ್ತಿಯ ದೊಡ್ಡ ಪಾಲನ್ನು ಕಳೆದುಕೊಳ್ಳುತ್ತದೆ, ಅದೇ ಹೊತ್ತಿಗೆ ಆಯಿಲ್ ಮಂದವಾಗಿ ಎಂಜಿನ್ ತಿರುಗಿಸಲು ಹೆಚ್ಚು ಶಕ್ತಿ ಬೇಕಾಗುತ್ತದೆ. ಬೇಸಿಗೆಯಲ್ಲಿ ಗೊತ್ತೇ ಆಗದ ಒಂದು ಸಡಿಲ ಟರ್ಮಿನಲ್, ಈ ಎರಡರ ನಡುವೆ ಸಿಕ್ಕಿ, ಚಳಿಯಲ್ಲಿ ದೊಡ್ಡ ದೋಷವಾಗಿ ಕಾಣಿಸಿಕೊಳ್ಳುತ್ತದೆ.

ರಾತ್ರಿಯಿಡೀ ನಿಂತ ಬ್ಯಾಟರಿಯ ವೋಲ್ಟೇಜನ್ನು ಬೆಳಿಗ್ಗೆ ಮೊದಲು ಅಳೆಯಿರಿ. ಪೂರ್ತಿ ಚಾರ್ಜ್ ಆದದ್ದು ಸುಮಾರು 12.6 ವೋಲ್ಟ್ ತೋರಿಸುತ್ತದೆ, 12.2 ಎಂದರೆ ಹೆಚ್ಚುಕಡಿಮೆ ಅರ್ಧ ಖಾಲಿ. ಬ್ಯಾಟರಿ ಹೊಸದಾಗಿದ್ದರೂ ಆಲ್ಟರ್ನೇಟರ್ ಸರಿಯಾಗಿ ತುಂಬದಿದ್ದರೆ, ಅಥವಾ ಪ್ರತಿ ಸಲ ಓಡುವ ದೂರ ಬಹಳ ಕಡಿಮೆಯಿದ್ದರೆ ಅದು ಹೀಗೆ ಅರೆತುಂಬಿಯೇ ಇರುತ್ತದೆ. ಆಮೇಲೆ ಸೆಲ್ಫ್ ಹೊಡೆಯುತ್ತಿರುವಾಗ ಬ್ಯಾಟರಿಯ ಕಂಬಗಳ ಮೇಲೆಯೇ ಅಳೆಯಿರಿ. ವೋಲ್ಟೇಜ್ 9.6ಕ್ಕಿಂತ ಕೆಳಗೆ ಕುಸಿದರೆ ಬ್ಯಾಟರಿ ಭಾರ ತಾಳುತ್ತಿಲ್ಲ, ಅಥವಾ ಮೋಟಾರ್ ಮಿತಿಮೀರಿ ಎಳೆಯುತ್ತಿದೆ. ತೀವ್ರ ಚಳಿಯಲ್ಲಿ ಈ ಅಂಕಿ ತುಸು ಇಳಿಯುವುದು ಸಹಜವೆಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಬ್ಯಾಟರಿಯ ಮೇಲೆ ವೋಲ್ಟೇಜ್ ಚೆನ್ನಾಗಿದ್ದೂ ಸೆಲ್ಫ್ ಎಳೆಯುತ್ತಿದ್ದರೆ, ಆ ವೋಲ್ಟೇಜ್ ದಾರಿಯಲ್ಲಿ ಎಲ್ಲೋ ಸೋರುತ್ತಿದೆ. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಧನ ಕಂಬಕ್ಕೆ, ಇನ್ನೊಂದನ್ನು ಸೆಲ್ಫ್ ಮೋಟಾರಿನ ದಪ್ಪ ವೈರು ಸೇರುವ ಬೋಲ್ಟಿಗೆ ಹಿಡಿದು ಸೆಲ್ಫ್ ಹೊಡೆಸಿ. ಅರ್ಧ ವೋಲ್ಟಿಗಿಂತ ಹೆಚ್ಚು ಕಂಡರೆ ಆ ವೈರು ಅಥವಾ ಅದರ ಜೋಡಣೆ ಕೆಟ್ಟಿದೆ. ಇದೇ ರೀತಿ ಬ್ಯಾಟರಿಯ ಋಣ ಕಂಬಕ್ಕೂ ಎಂಜಿನ್ ಬ್ಲಾಕಿನ ಬರಿಯ ಲೋಹಕ್ಕೂ ಹಿಡಿದು ನೋಡಿದಾಗ 0.2 ಅಥವಾ 0.3 ವೋಲ್ಟಿಗಿಂತ ಹೆಚ್ಚು ಬರಬಾರದು. ಎಂಜಿನ್ನಿಗೂ ಚಾಸಿಗೂ ನಡುವೆ ಇರುವ ಅರ್ತ್ ಪಟ್ಟಿಯನ್ನು ಬಹಳ ಮಂದಿ ಮರೆಯುತ್ತಾರೆ. ಹೊರಗಿನಿಂದ ಗಟ್ಟಿಯಾಗಿ ಕಂಡರೂ ಬೋಲ್ಟಿನಡಿಯಲ್ಲಿ ತುಕ್ಕು ಹಿಡಿದಿರುತ್ತದೆ. ಬಿಚ್ಚಿ, ಉಜ್ಜಿ, ಬಿಗಿ ಮಾಡಿದರೆ ಸೆಲ್ಫಿನ ದನಿಯೇ ಬದಲಾಗುವುದುಂಟು.

ಎಂಜಿನ್ ಆಯಿಲನ್ನೂ ವಿಚಾರಿಸಿ. ಡಬ್ಬಿಯ ಮೇಲೆ ಡಬ್ಲ್ಯೂ ಅಕ್ಷರಕ್ಕೆ ಮೊದಲು ಬರುವ ಅಂಕಿ ಚಳಿಯಲ್ಲಿ ಅದರ ನಡವಳಿಕೆಯನ್ನು ಸೂಚಿಸುತ್ತದೆ. ಎಂಜಿನ್ ತಿರುಗಿಸಲು ಆಯಿಲ್ ಒಡ್ಡುವ ತಡೆಯನ್ನು 15ಡಬ್ಲ್ಯೂ ಆಯಿಲಿಗೆ ಮೈನಸ್ 20 ಡಿಗ್ರಿಯಲ್ಲಿ, 10ಡಬ್ಲ್ಯೂಗೆ ಮೈನಸ್ 25ರಲ್ಲಿ, 5ಡಬ್ಲ್ಯೂಗೆ ಮೈನಸ್ 30ರಲ್ಲಿ ಪರೀಕ್ಷಿಸುತ್ತಾರೆ. ತಯಾರಕರ ಕೈಪಿಡಿ ಒಪ್ಪುವ ದರ್ಜೆಗಳಲ್ಲಿ ನಿಮ್ಮ ಚಳಿಗೆ ಹೊಂದುವುದನ್ನು ಆರಿಸಿಕೊಳ್ಳಿ.

ಇವೆಲ್ಲ ಸರಿಯಿದ್ದರೆ ಮಾತ್ರ ಸೆಲ್ಫ್ ಮೋಟಾರನ್ನು ಬಿಚ್ಚಿ. ಒಮ್ಮೆಗೆ ಹತ್ತು ಹದಿನೈದು ಸೆಕೆಂಡಿಗಿಂತ ಹೆಚ್ಚು ಹೊಡೆಯದೆ, ನಡುವೆ ಒಂದೆರಡು ನಿಮಿಷ ಬಿಡುವು ಕೊಟ್ಟರೆ ಮೋಟಾರ್ ಉಳಿಯುತ್ತದೆ, ಬ್ಯಾಟರಿಯೂ ಚೇತರಿಸಿಕೊಳ್ಳುತ್ತದೆ.

ಪ್ರಶ್ನೆ: ನಮ್ಮ ವಾಹನ ಸಮತಟ್ಟಾದ ಜಾಗದಲ್ಲಿ ರಾತ್ರಿ ನಿಂತರೆ ಬೆಳಿಗ್ಗೆ ಸತಾಯಿಸುತ್ತದೆ, ಮೂತಿ ಕೆಳಗಾಗಿ ಇಳಿಜಾರಿನಲ್ಲಿ ನಿಂತರೆ ಕೂಡಲೇ ಹಿಡಿಯುತ್ತದೆ. ಇದು ನನ್ನ ಭ್ರಮೆಯೇ?

ಉತ್ತರ: ಖಂಡಿತ ಅಲ್ಲ. ಈ ಪುಟಕ್ಕೆ ಬಂದ ಪತ್ರಗಳಲ್ಲಿ ಇದು ಅತ್ಯಂತ ಬೆಲೆಯುಳ್ಳ ವೀಕ್ಷಣೆ, ಏಕೆಂದರೆ ಕಾರಣವನ್ನು ನೀವೇ ಹೆಚ್ಚುಕಡಿಮೆ ಪತ್ತೆ ಮಾಡಿದ್ದೀರಿ. ಡೀಸೆಲ್ ಕೊಳವೆಯಲ್ಲಿ ಎಲ್ಲೋ ಕೂದಲೆಳೆಯಷ್ಟು ಸಂದಿನಿಂದ ಗಾಳಿ ಒಳನುಗ್ಗುತ್ತಿದೆ. ಎಂಜಿನ್ ನಿಂತ ಮೇಲೆ ಕೊಳವೆಯಲ್ಲಿದ್ದ ಡೀಸೆಲ್ ಆ ಗಾಳಿಗೆ ಜಾಗ ಬಿಟ್ಟು ಮೆಲ್ಲಗೆ ಟ್ಯಾಂಕಿಗೆ ಇಳಿದುಹೋಗುತ್ತದೆ. ಬೆಳಿಗ್ಗೆ ಪಂಪ್ ಆ ಖಾಲಿ ಕೊಳವೆಯನ್ನು ಮತ್ತೆ ತುಂಬುವವರೆಗೆ ಸೆಲ್ಫ್ ತಿರುಗುತ್ತಲೇ ಇರಬೇಕು. ಮೂತಿ ಕೆಳಗಾಗಿ ನಿಂತಾಗ ಟ್ಯಾಂಕ್ ಪಂಪಿಗಿಂತ ಮೇಲಿರುವುದರಿಂದ ಡೀಸೆಲ್ ಹಿಂದಕ್ಕೆ ಇಳಿಯಲಾರದು.

ಹೊರಗೆ ಡೀಸೆಲ್ ಜಿನುಗಿದ ಗುರುತು ಇಲ್ಲದಿರುವುದರಿಂದ ಸೋರಿಕೆಯೇ ಇಲ್ಲವೆಂದು ತೀರ್ಮಾನಿಸಬಾರದು. ಟ್ಯಾಂಕಿನಿಂದ ಪಂಪಿನವರೆಗಿನ ಕೊಳವೆಯಲ್ಲಿ ಎಂಜಿನ್ ತಿರುಗುವಾಗ ಹೀರುವ ಎಳೆತ ಇರುವುದರಿಂದ ಅಲ್ಲಿನ ಬಿರುಕು ಡೀಸೆಲ್ಲನ್ನು ಹೊರಬಿಡುವ ಬದಲು ಗಾಳಿಯನ್ನು ಒಳಕ್ಕೆ ಸೆಳೆಯುತ್ತದೆ. ಚಳಿಯಲ್ಲಿ ಹಳೆಯ ರಬ್ಬರ್ ಉಂಗುರಗಳು ಗಡುಸಾಗಿ ಕುಗ್ಗುವುದರಿಂದ, ಬೇಸಿಗೆಯಲ್ಲಿ ಮುಚ್ಚಿಕೊಂಡಿದ್ದ ಸಂದು ಈಗ ತೆರೆದುಕೊಳ್ಳುತ್ತದೆ.

ಸೋರಿಕೆಯನ್ನು ಕಣ್ಣಾರೆ ಕಾಣುವ ದಾರಿಯಿದೆ. ಫಿಲ್ಟರಿಗೂ ಪಂಪಿಗೂ ನಡುವೆ, ಡೀಸೆಲ್ಲಿಗೆ ತಾಳುವ ಪಾರದರ್ಶಕ ಕೊಳವೆಯ ಗೇಣುದ್ದದ ತುಂಡನ್ನು ತಾತ್ಕಾಲಿಕವಾಗಿ ಜೋಡಿಸಿ. ಸಂಜೆ ಎಂಜಿನ್ ನಿಲ್ಲಿಸುವಾಗ ಅದು ತಿಳಿಹಳದಿ ಡೀಸೆಲ್ಲಿನಿಂದ ತುಂಬಿರಬೇಕು. ಬೆಳಿಗ್ಗೆ ಕೀ ಮುಟ್ಟುವ ಮೊದಲು ಟಾರ್ಚ್ ಬಿಟ್ಟು ನೋಡಿ. ಮೇಲ್ಭಾಗದಲ್ಲಿ ಗಾಳಿಯ ಉದ್ದನೆಯ ಗುಳ್ಳೆಯೊಂದು ಕುಳಿತಿದ್ದರೆ, ಸೆಲ್ಫ್ ಹೊಡೆದಾಗ ಆ ಗುಳ್ಳೆ ಒಡೆದು ಸಣ್ಣ ಮಣಿಗಳಂತೆ ಸಾಲಾಗಿ ಪಂಪಿನ ಕಡೆಗೆ ಓಡುತ್ತದೆ. ಎಂಜಿನ್ ಹಿಡಿದ ಮೇಲೂ ಗುಳ್ಳೆಗಳು ನಿಲ್ಲದೆ ಬರುತ್ತಿದ್ದರೆ ಸೋರಿಕೆ ದೊಡ್ಡದು. ಪಾರದರ್ಶಕ ತುಂಡನ್ನು ಫಿಲ್ಟರಿನ ಮುಂದಕ್ಕೂ ಹಿಂದಕ್ಕೂ ಬದಲಾಯಿಸಿ ನೋಡುತ್ತಾ ಹೋದರೆ ಸೋರುವ ಜಾಗ ಎರಡು ಜೋಡಣೆಗಳ ನಡುವೆ ಸಿಕ್ಕಿಬೀಳುತ್ತದೆ. ಫಿಲ್ಟರ್ ತಲೆಯ ಉಂಗುರ, ಹ್ಯಾಂಡ್ ಪಂಪಿನ ಒಳಗಿನ ಕವಾಟ, ನೀರು ಬಿಡುವ ಅಡಿಯ ತಿರುಪು, ನಾಜಲ್‌ಗಳಿಂದ ಮರಳುವ ಸಣ್ಣ ರಬ್ಬರ್ ಕೊಳವೆಗಳು, ಇವು ಸಾಮಾನ್ಯವಾದ ಆರೋಪಿಗಳು. ಫಿಲ್ಟರ್ ಬದಲಾಯಿಸಿದ ಮರುದಿನದಿಂದಲೇ ತೊಂದರೆ ಆರಂಭವಾಗಿದ್ದರೆ ಮೊದಲು ಅದರ ಉಂಗುರವನ್ನೇ ನೋಡಿ.

ಒಂದು ಮಾತು: ಈ ಪಾರದರ್ಶಕ ತುಂಡನ್ನು ಕಡಿಮೆ ಒತ್ತಡದ ಕಡೆಗೆ ಮಾತ್ರ ಹಾಕಬೇಕು, ಪರೀಕ್ಷೆ ಮುಗಿದ ಮೇಲೆ ತೆಗೆದು ಮೂಲ ಕೊಳವೆಯನ್ನೇ ಜೋಡಿಸಬೇಕು.

ಪ್ರಶ್ನೆ: ಹಿಮ ಬೀಳುವ ಪ್ರದೇಶಕ್ಕೆ ಹೋದಾಗ ಎಂಜಿನ್ ಬೆಳಿಗ್ಗೆ ಚಾಲೂ ಆಗಿ, ಕೆಲವು ನಿಮಿಷ ಓಡಿ, ಶಕ್ತಿ ಕಳೆದುಕೊಂಡು ನಿಂತುಬಿಟ್ಟಿತು. ಡೀಸೆಲ್ಲಿಗೆ ಸೀಮೆಎಣ್ಣೆ ಅಥವಾ ಪೆಟ್ರೋಲ್ ಬೆರೆಸಿದರೆ ಒಳ್ಳೆಯದೇ?

ಉತ್ತರ: ಡೀಸೆಲ್ಲಿನಲ್ಲಿ ಸಹಜವಾಗಿಯೇ ಮೇಣದ ಅಂಶ ಇರುತ್ತದೆ. ಉಷ್ಣತೆ ಇಳಿಯುತ್ತಾ ಒಂದು ಹಂತದಲ್ಲಿ ಆ ಮೇಣ ಹರಳುಗಟ್ಟಿ ಡೀಸೆಲ್ ಮಬ್ಬಾಗುತ್ತದೆ. ಇನ್ನೂ ಇಳಿದರೆ ಹರಳುಗಳು ಫಿಲ್ಟರನ್ನು ಮುಚ್ಚುತ್ತವೆ, ಮತ್ತೂ ಇಳಿದರೆ ಡೀಸೆಲ್ ಹರಿಯುವುದನ್ನೇ ನಿಲ್ಲಿಸುತ್ತದೆ. ಕೊಳವೆ ಮತ್ತು ಪಂಪಿನಲ್ಲಿ ಉಳಿದಿದ್ದ ಡೀಸೆಲ್ ಸಾಕಾಗುವಷ್ಟು ಹೊತ್ತು ಓಡಿ, ಆಮೇಲೆ ಫಿಲ್ಟರ್ ಕಟ್ಟಿ ನಿಲ್ಲುವುದು ಇದರ ಲಕ್ಷಣ. ಖಚಿತಪಡಿಸಿಕೊಳ್ಳಬೇಕಾದರೆ ಟ್ಯಾಂಕಿನ ಡೀಸೆಲ್ಲನ್ನು ಗಾಜಿನ ಬಾಟಲಿಯಲ್ಲಿ ತುಂಬಿ ರಾತ್ರಿ ವಾಹನದ ಪಕ್ಕದಲ್ಲೇ ಹೊರಗಿಡಿ. ಬೆಳಿಗ್ಗೆ ಅದು ಮಬ್ಬಾಗಿದ್ದರೆ, ತಳದಲ್ಲಿ ಬಿಳಿಯ ಗಸಿ ಕುಳಿತಿದ್ದರೆ ಮೇಣ. ದ್ರವ ತಿಳಿಯಾಗಿಯೇ ಇದ್ದು ತಳದಲ್ಲಿ ಗಟ್ಟಿಯಾದ ಮಂಜುಗಡ್ಡೆಯ ಹನಿಗಳಿದ್ದರೆ ನೀರು. ನೀರಾದರೆ ಫಿಲ್ಟರಿನ ಅಡಿಯ ತಿರುಪಿನಿಂದ ಅದನ್ನು ಕ್ರಮವಾಗಿ ಹೊರಬಿಡುವ ಅಭ್ಯಾಸವೇ ಪರಿಹಾರ.

ಮೇಣದ ತೊಂದರೆಗೆ ಸರಿಯಾದ ಉತ್ತರ ಚಳಿಗಾಲದ ದರ್ಜೆಯ ಡೀಸೆಲ್. ಯುರೋಪಿನ ಇಎನ್ 590 ಮಾನದಂಡದಲ್ಲಿ ಡೀಸೆಲ್ ಎಷ್ಟು ಚಳಿಯವರೆಗೆ ಫಿಲ್ಟರಿನಲ್ಲಿ ಹಾಯಬಲ್ಲದು ಎಂಬುದನ್ನು ಆಧರಿಸಿ ದರ್ಜೆಗಳಿವೆ: ಸಮಶೀತೋಷ್ಣ ಪ್ರದೇಶಗಳಿಗೆ ಪ್ಲಸ್ 5ರಿಂದ ಮೈನಸ್ 20 ಡಿಗ್ರಿಯವರೆಗೆ, ಅತಿಶೀತ ಪ್ರದೇಶಗಳಿಗೆ ಮೈನಸ್ 20ರಿಂದ ಮೈನಸ್ 44ರವರೆಗೆ. ಬೆಚ್ಚಗಿನ ಪ್ರದೇಶದಲ್ಲಿ ಟ್ಯಾಂಕ್ ತುಂಬಿಸಿಕೊಂಡು ಚಳಿಯ ಪ್ರದೇಶಕ್ಕೆ ಏರುವವರು ಸಿಕ್ಕಿಬೀಳುವುದು ಇಲ್ಲಿಯೇ. ಟ್ಯಾಂಕಿನಲ್ಲಿರುವುದು ಅಲ್ಲಿಯ ಹವೆಗೆ ತಕ್ಕ ಡೀಸೆಲ್ ಆಗಿರುವುದಿಲ್ಲ. ಆದಷ್ಟು ಖಾಲಿ ಮಾಡಿಕೊಂಡು ಹೋಗಿ ಅಲ್ಲಿಯದನ್ನೇ ತುಂಬಿಸಬೇಕು. ಮೇಣ ಹರಳುಗಟ್ಟದಂತೆ ತಡೆಯುವ ದ್ರಾವಣಗಳು ಸಿಗುತ್ತವೆ. ಅವನ್ನು ಡೀಸೆಲ್ ಇನ್ನೂ ತಿಳಿಯಾಗಿರುವಾಗಲೇ ಬೆರೆಸಬೇಕು. ಒಮ್ಮೆ ಕಟ್ಟಿದ ಮೇಣವನ್ನು ಹೆಚ್ಚಿನವು ಕರಗಿಸಲಾರವು.

ಪೆಟ್ರೋಲನ್ನು ಬೆರೆಸಲೇಬೇಡಿ. ಅದು ಡೀಸೆಲ್ ತಾನಾಗಿ ಹೊತ್ತಿಕೊಳ್ಳುವ ಗುಣವನ್ನು ಕುಗ್ಗಿಸಿ ಚಾಲೂ ಮಾಡುವುದನ್ನು ಇನ್ನಷ್ಟು ಕಷ್ಟಗೊಳಿಸುತ್ತದೆ, ಟ್ಯಾಂಕಿನಲ್ಲಿ ಬೆಂಕಿಯ ಅಪಾಯವನ್ನೂ ಹೆಚ್ಚಿಸುತ್ತದೆ. ಸೀಮೆಎಣ್ಣೆಗೆ ಜಾರುಗುಣ ಕಡಿಮೆ. ಹಳೆಯ ಕೆಲವು ಎಂಜಿನ್‌ಗಳ ಕೈಪಿಡಿ ಅಲ್ಪ ಪ್ರಮಾಣವನ್ನು ಒಪ್ಪುತ್ತಿತ್ತಾದರೂ, ಡೀಸೆಲ್ಲಿನಿಂದಲೇ ಜಾರಿಕೆ ಪಡೆಯುವ ಇಂದಿನ ಕಾಮನ್ ರೈಲ್ (ಎಲ್ಲ ಸಿಲಿಂಡರುಗಳಿಗೂ ಅಧಿಕ ಒತ್ತಡದ ಒಂದೇ ಕೊಳವೆಯಿಂದ ಡೀಸೆಲ್ ಹಂಚುವ ವ್ಯವಸ್ಥೆ) ಪಂಪುಗಳಿಗೆ ಅದು ಹಾನಿಕರ. ಕಟ್ಟಿದ ಫಿಲ್ಟರನ್ನು ಬಿಸಿನೀರಿನಲ್ಲಿ ಅದ್ದಿದ ಬಟ್ಟೆ ಸುತ್ತಿ ಕಾಯಿಸಬಹುದು, ಅಥವಾ ವಾಹನವನ್ನು ಬೆಚ್ಚಗಿನ ಜಾಗಕ್ಕೆ ತಳ್ಳಬಹುದು. ಟ್ಯಾಂಕಿನ ಕೆಳಗೆ ಬೆಂಕಿ ಹಾಕುವುದು ಪ್ರಾಣಾಪಾಯದ ಕೆಲಸ, ಯಾವ ಕಾರಣಕ್ಕೂ ಮಾಡಬೇಡಿ.

ಪ್ರಶ್ನೆ: ಏರ್ ಫಿಲ್ಟರಿನ ಬಳಿ ಈಥರ್ ಸ್ಪ್ರೇ ಹೊಡೆದರೆ ನಮ್ಮ ಎಂಜಿನ್ ತಕ್ಷಣ ಹಿಡಿಯುತ್ತದೆ. ದಿನವೂ ಹೀಗೆ ಮಾಡಬಹುದೇ?

ಉತ್ತರ: ಬೇಡ. ಈಥರ್ ಡೀಸೆಲ್ಲಿಗಿಂತ ಕಡಿಮೆ ಉಷ್ಣತೆಯಲ್ಲಿ ಹೊತ್ತಿಕೊಳ್ಳುತ್ತದೆ, ಆದ್ದರಿಂದಲೇ ಪಿಸ್ಟನ್ ಇನ್ನೂ ಮೇಲೇರುತ್ತಿರುವಾಗಲೇ ಸಿಡಿದು ಅದನ್ನು ಕೆಳಕ್ಕೆ ಒದೆಯುತ್ತದೆ. ಆಗ ಕೇಳುವ ಗಟ್ಟಿ ಬಡಿತ ರಿಂಗುಗಳನ್ನು, ಪಿಸ್ಟನ್ನಿನ ರಿಂಗ್ ಕೂರುವ ಅಂಚುಗಳನ್ನು ಮುರಿಯಬಲ್ಲದು. ಕಂಪ್ರೆಷನ್ ಇನ್ನಷ್ಟು ಇಳಿದು ಮರುವರ್ಷ ಇನ್ನಷ್ಟು ಈಥರ್ ಬೇಕಾಗುತ್ತದೆ. ಗ್ಲೋ ಪ್ಲಗ್ ಅಥವಾ ಗಾಳಿ ಕಾಯಿಸುವ ಹೀಟರ್ ಇರುವ ಎಂಜಿನ್ನಿನಲ್ಲಂತೂ ಕೆಂಪಗೆ ಕಾದ ಲೋಹಕ್ಕೆ ಈಥರ್ ತಾಗಿ ಗಾಳಿಯ ಕೊಳವೆಯೇ ಸಿಡಿಯಬಹುದು, ಮುಖದ ಮುಂದೆಯೇ. ಈಥರಿಗೆ ಹಿಡಿಯುತ್ತದೆ ಎನ್ನುವುದು ತಿರುಗುವಿಕೆ ತಕ್ಕಮಟ್ಟಿಗೆ ಇದೆ, ಡೀಸೆಲ್ ಅಥವಾ ಶಾಖದ ಕೊರತೆಯಿದೆ ಎಂಬ ಸುಳಿವನ್ನು ನಿಮಗೆ ಕೊಟ್ಟಿದೆ. ಅದನ್ನು ಹಿಡಿದು ಮೇಲೆ ಹೇಳಿದ ಪರೀಕ್ಷೆಗಳನ್ನು ಮಾಡಿಸಿ.

ಪ್ರಶ್ನೆ: ಕಾಮನ್ ರೈಲ್ ಎಂಜಿನ್ನಿನ ಕಾರು. ಚಳಿಯಲ್ಲಿ ತಡವಾಗಿ ಹಿಡಿಯುತ್ತದೆ, ಸ್ಕ್ಯಾನರಿನಲ್ಲಿ ದೋಷದ ಕೋಡ್ ಇಲ್ಲ. ಮುಂದೇನು?

ಉತ್ತರ: ಕೋಡ್ ಇಲ್ಲದಿದ್ದರೂ ಸ್ಕ್ಯಾನರಿನಲ್ಲಿ ನೋಡಬೇಕಾದದ್ದು ಇದೆ. ರಾತ್ರಿಯಿಡೀ ನಿಂತ ಕಾರಿನ ಕೀ ಆನ್ ಮಾಡಿ, ಎಂಜಿನ್ ತಿರುಗಿಸದೆ, ಕೂಲೆಂಟ್, ಒಳಬರುವ ಗಾಳಿ ಮತ್ತು ಡೀಸೆಲ್ಲಿನ ಉಷ್ಣತೆಗಳನ್ನು ಓದಿ. ಮೂರೂ ಹೊರಗಿನ ಹವೆಗೆ ಹತ್ತಿರ ಹತ್ತಿರ ಇರಬೇಕು. ಕೂಲೆಂಟ್ ಸಂವೇದಕ ಒಂದೇ 60 ಅಥವಾ 70 ಡಿಗ್ರಿ ತೋರಿಸುತ್ತಿದ್ದರೆ, ಎಂಜಿನ್ ಬಿಸಿಯಿದೆಯೆಂದು ನಂಬಿದ ಕಂಪ್ಯೂಟರ್ ಗ್ಲೋ ಪ್ಲಗ್ಗುಗಳನ್ನು ಕಾಯಿಸುವುದೇ ಇಲ್ಲ, ಚಳಿಗೆ ಬೇಕಾದ ಹೆಚ್ಚುವರಿ ಡೀಸೆಲ್ಲನ್ನೂ ಕೊಡುವುದಿಲ್ಲ. ಆ ಅಂಕಿ ಅಸಂಭವವಲ್ಲದ ಕಾರಣ ಕೋಡ್ ದಾಖಲಾಗದಿರಬಹುದು.

ಆಮೇಲೆ ಸೆಲ್ಫ್ ಹೊಡೆಯುವಾಗ ರೈಲಿನ ಒತ್ತಡವನ್ನು ಗಮನಿಸಿ. ಹೆಚ್ಚಿನ ಎಂಜಿನ್‌ಗಳಲ್ಲಿ ಅದು 200ರಿಂದ 300 ಬಾರ್ ತಲುಪುವವರೆಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರುಗಳು ತೆರೆಯುವುದಿಲ್ಲ. ಒತ್ತಡ ಏಳಲು ತಡವಾದರೆ ಗಾಳಿ ಸೇರಿಕೆ, ಕಟ್ಟಿದ ಫಿಲ್ಟರ್, ಸವೆದ ಪಂಪ್, ಅಥವಾ ಹಿಂದಕ್ಕೆ ಹೆಚ್ಚು ಡೀಸೆಲ್ ಬಿಡುವ ಇಂಜೆಕ್ಟರುಗಳು ಕಾರಣ. ಪ್ರತಿ ಇಂಜೆಕ್ಟರಿನ ಮರಳುಕೊಳವೆಗೆ ಒಂದೊಂದು ಅಳತೆಯ ಸೀಸೆ ಕಟ್ಟಿದರೆ ಯಾವುದು ಹೆಚ್ಚು ಬಿಡುತ್ತದೆಂದು ತಿಳಿಯುತ್ತದೆ. ಸವೆದ ಇಂಜೆಕ್ಟರ್ ಎಂಜಿನ್ ಬಿಸಿಯಿರುವಾಗಲೇ ಹೆಚ್ಚು ಸತಾಯಿಸುವುದು ವಾಡಿಕೆ, ಏಕೆಂದರೆ ಬಿಸಿ ಡೀಸೆಲ್ ತೆಳುವಾಗಿ ಬೇಗ ಸೋರುತ್ತದೆ. ಚಳಿಯಲ್ಲಿ ಮಾತ್ರ ತೊಂದರೆಯಿದ್ದರೆ ಇಂಜೆಕ್ಟರುಗಳನ್ನು ಕೊನೆಗೆ ಸಂಶಯಿಸಿ. ಅಧಿಕ ಒತ್ತಡದ ಕೊಳವೆಯ ನಟ್ಟನ್ನು ಹಳೆಯ ಎಂಜಿನ್ನಿನಂತೆ ಸಡಿಲಿಸಿ ನೋಡುವ ಕೆಲಸಕ್ಕೆ ಎಂದಿಗೂ ಕೈ ಹಾಕಬೇಡಿ. ಓಡುವ ಎಂಜಿನ್ನಿನಲ್ಲಿ ಅಲ್ಲಿರುವ ಒತ್ತಡ ಸಾವಿರ ಬಾರ್ ಮೀರಬಹುದು. ಆ ಧಾರೆ ಚರ್ಮವನ್ನು ತೂರಿ ಒಳಹೊಕ್ಕರೆ ಹೊರಗೆ ಸೂಜಿಚುಚ್ಚಿನಷ್ಟೇ ಗಾಯ ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗಬೇಕಾದ ಅಪಾಯ ಅದು.

ಪ್ರಶ್ನೆ: ಹಳೆಯ ಟ್ರಾಕ್ಟರ್. ಬ್ಯಾಟರಿ, ಸೆಲ್ಫ್, ಡೀಸೆಲ್ ಎಲ್ಲವನ್ನೂ ನೋಡಿಸಿದ್ದಾಯಿತು. ಬೆಳಿಗ್ಗೆ ಬಿಳಿ ಹೊಗೆ ಬರುತ್ತದೆ, ಹಿಡಿಯುವುದಿಲ್ಲ. ಎಂಜಿನ್ ಬಿಚ್ಚುವ ಕಾಲ ಬಂತೇ?

ಉತ್ತರ: ಬಂದಿರಬಹುದು, ಆದರೆ ಬಿಚ್ಚುವ ಮುನ್ನ ಅಳೆಯಬೇಕು. ಡೀಸೆಲ್ ಬರದಂತೆ ನಿಲ್ಲಿಸುವ ಹಿಡಿಯನ್ನು ಎಳೆದಿಟ್ಟು ಸೆಲ್ಫ್ ಹೊಡೆಯುತ್ತಾ ಕಿವಿಗೊಟ್ಟು ಕೇಳಿ. ಎಲ್ಲ ಸಿಲಿಂಡರುಗಳ ಕಂಪ್ರೆಷನ್ ಸಮನಾಗಿದ್ದರೆ ಸದ್ದು ಒಂದೇ ತಾಳದಲ್ಲಿ ಬರುತ್ತದೆ. ಒಂದು ಸಿಲಿಂಡರ್ ದುರ್ಬಲವಾಗಿದ್ದರೆ ಪ್ರತಿ ಸುತ್ತಿನಲ್ಲೂ ಅದರ ಸರದಿ ಬಂದಾಗ ಎಂಜಿನ್ ಒಮ್ಮೆ ಹಗುರಾಗಿ ಮುಂದಕ್ಕೆ ಜಿಗಿದಂತೆ ಕೇಳುತ್ತದೆ. ಆಮೇಲೆ ಡೀಸೆಲ್ ಎಂಜಿನ್ನಿಗೆಂದೇ ಇರುವ ಕಂಪ್ರೆಷನ್ ಗೇಜಿನಿಂದ ಅಳೆಯಿಸಿ. ಪೆಟ್ರೋಲ್ ಎಂಜಿನ್ನಿನ ಗೇಜು ಈ ಒತ್ತಡವನ್ನು ತಾಳುವುದಿಲ್ಲ. ಸುಸ್ಥಿತಿಯ ಸಣ್ಣ ಡೀಸೆಲ್ ಎಂಜಿನ್‌ಗಳಲ್ಲಿ ಸಾಮಾನ್ಯವಾಗಿ 25 ಬಾರಿಗಿಂತ ಹೆಚ್ಚು ಸಿಗುತ್ತದೆ, 20ಕ್ಕಿಂತ ಕೆಳಗಿಳಿದರೆ ಚಳಿಯಲ್ಲಿ ಹಿಡಿಯುವುದು ಕಷ್ಟ. ನಿಮ್ಮ ಎಂಜಿನ್ನಿನ ಮಿತಿಯನ್ನು ಅದರ ಕೈಪಿಡಿಯಲ್ಲಿ ನೋಡಿಕೊಳ್ಳಿ.

ಅಳತೆ ಕಡಿಮೆ ಬಂದರೂ ರಿಂಗುಗಳನ್ನೇ ದೂರುವ ಮೊದಲು ವಾಲ್ವ್ ಕ್ಲಿಯರೆನ್ಸ್ ಸರಿಪಡಿಸಿ ಮತ್ತೊಮ್ಮೆ ಅಳೆಯಿಸಿ. ಸಂದು ತೀರ ಬಿಗಿಯಾದ ವಾಲ್ವ್ ಪೂರ್ತಿ ಮುಚ್ಚಿಕೊಳ್ಳದೆ ಗಾಳಿ ಬಿಡುತ್ತದೆ, ಅದನ್ನು ಸರಿಪಡಿಸಲು ಒಂದು ಫೀಲರ್ ಗೇಜ್ ಮತ್ತು ಸ್ಪ್ಯಾನರ್ ಸಾಕು. ಇಷ್ಟಾದ ಮೇಲೂ ಒತ್ತಡ ಏರದಿದ್ದು, ಎಂಜಿನ್ ಓಡುವಾಗ ಆಯಿಲ್ ತುಂಬುವ ಬಾಯಿಯಿಂದ ಹೊಗೆ ಒತ್ತಿಕೊಂಡು ಬರುತ್ತಿದ್ದರೆ ರಿಂಗುಗಳೂ ಲೈನರುಗಳೂ ಸವೆದಿವೆ. ಕಂಪ್ರೆಷನ್ ಚೆನ್ನಾಗಿದ್ದೂ ಬಿಳಿ ಹೊಗೆ ನಿಲ್ಲದಿದ್ದರೆ ಎಂಜಿನ್ ಬಿಚ್ಚಬೇಡಿ. ನಾಜಲ್‌ಗಳನ್ನು ಪರೀಕ್ಷಾ ಯಂತ್ರಕ್ಕೆ ಹಾಕಿಸಿ, ಅವು ಮಂಜಾಗಿ ಚಿಮ್ಮುತ್ತಿವೆಯೋ ಹನಿಯಾಗಿ ತೊಟ್ಟಿಕ್ಕುತ್ತಿವೆಯೋ ನೋಡಿಸಿ, ಪಂಪಿನ ಟೈಮಿಂಗ್ ತಡವಾಗಿದೆಯೇ ಎಂಬುದನ್ನು ತಾಳೆ ಹಾಕಿಸಿ. ತಡವಾದ ಟೈಮಿಂಗಿನ ಎಂಜಿನ್ ಕಾದ ಮೇಲೂ ಮಂಕಾಗಿ ಎಳೆಯುತ್ತದೆ, ಭಾರ ಬಿದ್ದಾಗ ಹೊಗೆ ಹೆಚ್ಚುತ್ತದೆ.

ರಿಂಗ್ ಕೆಲಸವನ್ನು ಸುಗ್ಗಿ ಮುಗಿಯುವವರೆಗೆ ಮುಂದೂಡಲೇಬೇಕಾದರೆ, ಕೂಲೆಂಟನ್ನು ಕಾಯಿಸುವ ವಿದ್ಯುತ್ ಬ್ಲಾಕ್ ಹೀಟರನ್ನು ಅಳವಡಿಸಿ, ಚಾಲೂ ಮಾಡುವುದಕ್ಕೆ ಎರಡು ಗಂಟೆ ಮುಂಚೆ ಹಚ್ಚಿಡಿ. ಬೆಚ್ಚಗಾದ ಸಿಲಿಂಡರ್ ಗೋಡೆ ಗಾಳಿಯ ಶಾಖವನ್ನು ಕಡಿಮೆ ಹೀರುತ್ತದೆ, ಸವೆದ ಎಂಜಿನ್ನೂ ಅಷ್ಟರಿಂದಲೇ ಹಿಡಿಯುವ ಸಂಭವ ಹೆಚ್ಚು. ಎಳೆದು ಚಾಲೂ ಮಾಡುವುದನ್ನು ಮಾತ್ರ ಬಿಡಿ. ಉರಿಯದೆ ಸಿಲಿಂಡರಿನಲ್ಲಿ ನಿಂತ ಡೀಸೆಲ್ ಗೋಡೆಯ ಮೇಲಿನ ಆಯಿಲನ್ನು ತೊಳೆದು, ಉಳಿದಿರುವ ರಿಂಗುಗಳನ್ನೂ ಸವೆಸುತ್ತದೆ.